ಹಾಲ್‌ಗೆ ಬೇಕಾದ ಟಿವಿ ಬೇರೆ, ರೂಮಿಗೆ ಬೇಕಾದ ಟಿವಿ ಬೇರೆ

ಟಿವಿ ಅಂಗಡಿಯ ಗೋಡೆ ತುಂಬ ಇರುವುದೆಲ್ಲ ಹಾಲ್‌ಗೆಂದು ಮಾಡಿದ ಟಿವಿಗಳು. ಬೆಳಕು ಜಾಸ್ತಿ, ಬಣ್ಣ ಜಾಸ್ತಿ, ಸೌಂಡು ಜಾಸ್ತಿ. ಸೋಫಾದ ಯಾವ ಮೂಲೆಯಲ್ಲಿ ಕೂತರೂ ಕಾಣಬೇಕು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೂ ಡೈಲಾಗ್ ಕೇಳಿಸಬೇಕು, ಹಗಲು ಕಿಟಕಿ ತೆರೆದಿದ್ದರೂ ಚಿತ್ರ ಮಂಕಾಗಬಾರದು. ನಾಲ್ಕೈದು ಜನ ಒಟ್ಟಿಗೆ ನೋಡುವ ಮನೆಗೆ ಇವೆಲ್ಲ ಬೇಕೇ ಬೇಕು.

ಮಲಗುವ ಕೋಣೆಯಲ್ಲಿ ಒಬ್ಬರೇ ಕೂತು, ಕೈಯಲ್ಲಿ ಕಂಟ್ರೋಲರ್ ಹಿಡಿದು ಗೇಮ್ ಆಡುವವರ ಲೆಕ್ಕ ಬೇರೆ. ಅಲ್ಲಿ ನೋಡುವುದು ಒಂದೇ ಜೋಡಿ ಕಣ್ಣು. ಅದೂ ನೇರ ಎದುರಿನಿಂದ, ಹತ್ತಿರದಿಂದ, ಹೆಚ್ಚಾಗಿ ರಾತ್ರಿ, ಲೈಟ್ ಆರಿಸಿ, ಪಕ್ಕದ ರೂಮಿನವರಿಗೆ ಕೇಳಿಸದ ಹಾಗೆ. ಅಂಗಡಿಯಲ್ಲಿ ದೊಡ್ಡದಾಗಿ ಹೇಳಿ ಮಾರುವ ಗುಣಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬರುವ ಒಂದೆರಡನ್ನು ಡಬ್ಬದ ಮೇಲೆ ಯಾರೂ ಎದ್ದು ಕಾಣುವ ಹಾಗೆ ಬರೆಯುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಒಳ್ಳೆ ಟಿವಿ ಸಿಗುವುದು ಈ ಸಂದಿಯಲ್ಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದನ್ನೆಲ್ಲ ಕೂತು ಯೋಚಿಸುವ ಹಾಗಾದದ್ದು 2025ರ ದಸರಾ ಹೊತ್ತಿಗೆ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಸೇರಿದ್ದ. ಕಾಲೇಜಿನ ಸೀನಿಯರ್ ಒಬ್ಬನಿಂದ ಸೆಕೆಂಡ್ ಹ್ಯಾಂಡ್ ಪಿಎಸ್4 ಸ್ಲಿಮ್ ತಂದಿದ್ದ, ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಕನ್ಸೋಲ್. ಅದನ್ನು ಹಾಲ್ ಟಿವಿಗೆ ಜೋಡಿಸಿದರೆ ಸಂಜೆ ಅಜ್ಜಿಯ ಧಾರಾವಾಹಿಗೂ ತೊಂದರೆ, ಭಾವನ ನ್ಯೂಸಿಗೂ ತೊಂದರೆ. "ನೀನೇ ಬಂದು ಒಂದು ಟಿವಿ ಕೊಡಿಸು. ಇವನ ಕೈಗೆ ದುಡ್ಡು ಕೊಟ್ರೆ ಅಂಗಡಿಯವರು ಹೇಳಿದ್ದನ್ನ ಹೊತ್ಕೊಂಡು ಬರ್ತಾನೆ" ಎಂದು ಅಕ್ಕ ಫೋನ್ ಮಾಡಿದಳು. ಭಾವನ ಷರತ್ತು ಒಂದೇ: 25 ಸಾವಿರ ದಾಟಬಾರದು. ಅಳಿಯನ ಆಸೆಯೂ ಒಂದೇ: "ಮಾವ, 4ಕೆ ಇರ್ಲಿ."

4ಕೆ ಅಂದರೆ ತುಂಬ ಸಣ್ಣ ಚುಕ್ಕಿಗಳಲ್ಲಿ ಚಿತ್ರ ಮೂಡಿಸುವ ಪರದೆ. ಅದನ್ನು ಆಮೇಲೆ ನೋಡೋಣ, ಮೊದಲು ಲ್ಯಾಗ್, ಅಂದರೆ ತಡವಾಗುವ ವಿಷಯ ಮಾತಾಡೋಣ ಅಂದೆ.

ಬಟನ್ ಒತ್ತಿದ ಮೇಲೆ ಅದರ ಫಲ ಪರದೆಯ ಮೇಲೆ ಕಾಣುವವರೆಗೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಅದರಲ್ಲಿ ಕಂಟ್ರೋಲರ್‌ನ ಪಾಲಿದೆ, ಕನ್ಸೋಲ್‌ನ ಪಾಲಿದೆ, ಗೇಮ್‌ನ ಪಾಲೂ ಇದೆ. ಅವೆಲ್ಲ ಹೆಚ್ಚುಕಡಿಮೆ ನಮ್ಮ ಕೈಮೀರಿದವು. ಟಿವಿಯ ಪಾಲು ಎಷ್ಟಿರಬೇಕು ಅನ್ನುವುದನ್ನು ಮಾತ್ರ ಕೊಳ್ಳುವಾಗಲೇ ಆರಿಸಿಕೊಳ್ಳಬಹುದು. ಗೇಮ್ ಆಡುವವರು ಇನ್‌ಪುಟ್ ಲ್ಯಾಗ್ ಅಂದಾಗ ಹೆಚ್ಚಾಗಿ ಹೇಳುವುದು ಈ ಪಾಲಿನ ಬಗ್ಗೆಯೇ.

ಟಿವಿ ಯಾಕೆ ತಡ ಮಾಡಬೇಕು? ಕನ್ಸೋಲ್ ಕಳಿಸಿದ ಚಿತ್ರವನ್ನು ಈಗಿನ ಟಿವಿ ಹಾಗೇ ತೋರಿಸುವುದಿಲ್ಲ. ಒಳಗಿನ ಚಿಪ್ ಅದನ್ನು ಹಿಡಿದಿಟ್ಟುಕೊಂಡು ಸಿಂಗಾರ ಮಾಡುತ್ತದೆ. ಒರಟಾಗಿ ಕಾಣುವುದನ್ನು ನಯ ಮಾಡುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ, ಬಣ್ಣ ಏರಿಸುತ್ತದೆ, ಪರದೆಯ ಅಳತೆಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಕೆಲವು ಟಿವಿಗಳಲ್ಲಿ ಎಂಇಎಂಸಿ ಅಂತ ಒಂದಿರುತ್ತದೆ. ಎರಡು ಫ್ರೇಮ್‌ಗಳ ನಡುವೆ ಇಲ್ಲದ ಒಂದು ಫ್ರೇಮನ್ನು ತಾನೇ ಊಹಿಸಿ ಸೇರಿಸುವುದು ಅದರ ಕೆಲಸ. ನಡುವಿನದನ್ನು ಊಹಿಸಬೇಕಾದರೆ ಮುಂದಿನ ಫ್ರೇಮ್ ಕೈಗೆ ಬಂದಿರಲೇಬೇಕು, ಅಲ್ವಾ? ಹಾಗಾಗಿ ಟಿವಿ ಕಾಯುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದೇ ಇಲ್ಲ, ಯಾಕಂದರೆ ಧ್ವನಿಯನ್ನೂ ಟಿವಿ ಅಷ್ಟೇ ತಡವಾಗಿ ಬಿಡುತ್ತದೆ. ತುಟಿಗೂ ಮಾತಿಗೂ ತಾಳೆ ಕೂತಿರುತ್ತದೆ. ಆದರೆ ಆಡುವವನ ಹೆಬ್ಬೆರಳನ್ನು ತಡಮಾಡುವುದು ಯಾವ ಚಿಪ್‌ಗೂ ಆಗದ ಕೆಲಸ.

ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಪರದೆಯ ಮೇಲೆ ನಿಲ್ಲುವುದು ಸುಮಾರು 16.7 ಮಿಲಿಸೆಕೆಂಡ್. ಗೇಮ್ ಮೋಡ್ ಅಂದರೆ ಟಿವಿಯ ಸಿಂಗಾರದ ಕೆಲಸವನ್ನು ಆದಷ್ಟು ಬಿಡಿಸುವ ಸೆಟ್ಟಿಂಗ್. ಅದು ಚೆನ್ನಾಗಿರುವ ಟಿವಿಯ ಲ್ಯಾಗ್ ಈ 16.7ರ ಆಸುಪಾಸಿನಲ್ಲೇ ಇರುತ್ತದೆ, ಕೆಲವದರದ್ದು ಇನ್ನೂ ಕಡಿಮೆ. ಅದೇ ಟಿವಿಯನ್ನು ಸಿನಿಮಾ ಮೋಡ್‌ನಲ್ಲೋ ವಿವಿಡ್ ಮೋಡ್‌ನಲ್ಲೋ ಬಿಟ್ಟರೆ ಲ್ಯಾಗ್ 100 ಮಿಲಿಸೆಕೆಂಡ್‌ವರೆಗೂ ಹೋಗಬಹುದು. ಅಂದರೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು. ಇಷ್ಟಕ್ಕೆ ಏನಾಗಿಬಿಡುತ್ತದೆ ಅನ್ನಿಸಬಹುದು.

ಅಳಿಯ ಆಡುವುದು ಹೆಚ್ಚಾಗಿ ಕ್ರಿಕೆಟ್. ಅದರಲ್ಲೇ ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಪಿಚ್‌ನ ಉದ್ದ 22 ಗಜ, ಅಂದರೆ 20 ಮೀಟರ್ ಚಿಲ್ಲರೆ. ಬೌಲರ್‌ನ ಕೈ ಬಿಟ್ಟ ಚೆಂಡು ಬ್ಯಾಟ್ ಹತ್ತಿರ ಬರಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಸಾಕು. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ, ಚೆಂಡು ನಮಗೆ ಕಾಣುವ ಜಾಗಕ್ಕೂ ಗೇಮ್ ಒಳಗೆ ಅದು ಇರುವ ಜಾಗಕ್ಕೂ ಸುಮಾರು 4 ಮೀಟರ್ ಅಂತರ. ಗುಡ್ ಲೆಂತ್‌ನಲ್ಲಿ ಬಿದ್ದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಗೇಮ್ ಒಳಗೆ ಅದು ಬ್ಯಾಟಿನ ಕಡೆ ಅರ್ಧ ದಾರಿ ಬಂದಾಗಿರುತ್ತದೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅದಕ್ಕೇ ಮಾವ, ಹಾಲ್ ಟಿವಿನಲ್ಲಿ ಎಷ್ಟು ಬೇಗ ಹೊಡೆದ್ರೂ ಲೇಟ್ ಅಂತಾನೇ ಬರುತ್ತೆ" ಅಂದ.

ನನ್ನ ವಯಸ್ಸಿನವರಿಗೆ ಇನ್ನೊಂದು ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಬರುತ್ತಿತ್ತು, ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಗನ್. ಟಿವಿಯಲ್ಲಿ ಹಾರುವ ಬಾತುಕೋಳಿಗೆ ಗುರಿಯಿಟ್ಟು ಹೊಡೆಯಬೇಕು. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚಿ ಹೋಗುತ್ತಿತ್ತು. ಗನ್ನಿನ ಮೂತಿಯಲ್ಲಿ ಬೆಳಕು ಗುರುತಿಸುವ ಸೆನ್ಸರ್ ಇತ್ತು. ಆ ಬಿಳಿ ಬೆಳಕು ಸರಿಯಾದ ಹೊತ್ತಿಗೆ ಕಂಡರೆ ಏಟು ಬಿತ್ತು ಅಂತ ಲೆಕ್ಕ. ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬ್ ಬಂದ ಸಿಗ್ನಲನ್ನು ಬಂದ ಹಾಗೇ ಪರದೆಗೆ ಎಸೆಯುತ್ತಿತ್ತು, ಕಾಯುವ ಮಾತೇ ಇರಲಿಲ್ಲ. ಅದೇ ಗನ್ನನ್ನು ಇವತ್ತಿನ ಎಲ್‌ಇಡಿ ಟಿವಿಗೆ ಹಿಡಿದರೆ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಗನ್ ನೋಡುವ ಹೊತ್ತಿಗೆ ಬಿಳಿ ಚೌಕ ಇನ್ನೂ ಟಿವಿಯ ಚಿಪ್ ಒಳಗೇ ಇರುತ್ತದೆ. ಚಿತ್ರ ಎಷ್ಟೋ ಪಾಲು ಚೆನ್ನಾಗಿ ಬಂದರೂ ಈ ಒಂದು ವಿಷಯದಲ್ಲಿ ಹಳೇ ಟಿವಿಯೇ ಮುಂದಿತ್ತು. ಅದನ್ನು ಆದಷ್ಟು ವಾಪಸ್ ಪಡೆಯಲು ಇರುವ ದಾರಿಯೇ ಗೇಮ್ ಮೋಡ್.

ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ಕೇಳುವುದು ರಿಮೋಟನ್ನು. ಎಚ್‌ಡಿಎಂಐ, ಅಂದರೆ ಕನ್ಸೋಲ್‌ನ ಕೇಬಲ್ ಚುಚ್ಚುವ ಇನ್‌ಪುಟ್‌ಗೆ ಹೋಗಿ ಪಿಕ್ಚರ್ ಸೆಟ್ಟಿಂಗ್ ತೆರೆದು ಗೇಮ್ ಮೋಡ್ ಇದೆಯಾ ನೋಡಬೇಕು. ಇನ್‌ಪುಟ್ ಬದಲಾಯಿಸದೆ ಹುಡುಕಿದರೆ ಕೆಲವು ಟಿವಿಗಳಲ್ಲಿ ಅದು ಕಾಣಿಸುವುದೇ ಇಲ್ಲ. ಎಎಲ್‌ಎಲ್‌ಎಂ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಪಿಎಸ್5 ಅಥವಾ ಎಕ್ಸ್‌ಬಾಕ್ಸ್‌ನಲ್ಲಿ ಗೇಮ್ ಶುರುವಾದರೆ ಟಿವಿ ತಾನಾಗಿಯೇ ಗೇಮ್ ಮೋಡ್‌ಗೆ ಹೋಗುತ್ತದೆ. ಪಿಎಸ್4 ಇದ್ದವರು ಕೈಯಾರೆ ಹಾಕಿಕೊಳ್ಳಬೇಕು, ಅಷ್ಟೇ.

ಮನೆಯಲ್ಲಿ ಈಗಾಗಲೇ ಇರುವ ಟಿವಿಯನ್ನು ಪರೀಕ್ಷೆ ಮಾಡಬೇಕಾ? ಫೋನ್ ಸಾಕು. ಈಗಿನ ಬಹಳಷ್ಟು ಫೋನ್‌ಗಳಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದೆ. ಕಂಟ್ರೋಲರ್ ಹಿಡಿದ ಹೆಬ್ಬೆರಳೂ ಟಿವಿಯೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋನ್ ಇಟ್ಟು, ಜಿಗಿಯುವ ಬಟನ್ ಒತ್ತಿ ರೆಕಾರ್ಡ್ ಮಾಡಿ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಹೋಗಿ. ಬೆರಳು ಕೆಳಗಿಳಿದ ಫ್ರೇಮ್‌ನಿಂದ ಪರದೆಯಲ್ಲಿ ಆಟಗಾರ ಅಲುಗಾಡಿದ ಫ್ರೇಮ್‌ವರೆಗೆ ಎಣಿಸಿ. ಒಂದೊಂದು ಫ್ರೇಮ್‌ಗೂ 4 ಮಿಲಿಸೆಕೆಂಡ್‌ಗಿಂತ ಚೂರು ಜಾಸ್ತಿ. ಇದರಲ್ಲಿ ಕನ್ಸೋಲ್ ಮತ್ತು ಗೇಮ್‌ನ ಪಾಲೂ ಸೇರಿರುತ್ತದೆ. ಆದರೆ ಗೇಮ್ ಮೋಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಎಣಿಸಿದರೆ ನಡುವಿನ ವ್ಯತ್ಯಾಸ ಪೂರ್ತಿ ಟಿವಿಯದ್ದೇ. ಅಕ್ಕನ ಮನೆಯ ಹಾಲ್ ಟಿವಿಯಲ್ಲಿ ಅಳಿಯನೂ ನಾನೂ ಹೀಗೆ ಎಣಿಸಿ ನೋಡಿದೆವು. ಗೇಮ್ ಮೋಡ್ ಆ ಟಿವಿಯಲ್ಲೂ ಇತ್ತು, ಮೆನುವಿನ ಆಳದಲ್ಲಿ. ಅದನ್ನು ಹಾಕಿದ ಮೇಲೆ ಎಣಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಅವನು ಕಣ್ಣರಳಿಸಿ ಮತ್ತೆ ಮತ್ತೆ ಎಣಿಸಿದ. ಟಿವಿ ಕೊಳ್ಳಬೇಕಾದವನು ಏನನ್ನು ನೋಡಬೇಕು ಅನ್ನುವುದು ಅವನಿಗೆ ಆವತ್ತೇ ಅರ್ಥವಾಯಿತು.

ಇನ್ನು ಸೈಜ್. ಅವನ ರೂಮು ಹತ್ತಕ್ಕೆ ಹತ್ತು. ಮಂಚದ ತಲೆ ಒಂದು ಗೋಡೆಗೆ, ಎದುರಿನ ಗೋಡೆಗೆ ಟಿವಿ. ದಿಂಬಿಗೆ ಒರಗಿ ಕೂತರೆ ಕಣ್ಣಿನಿಂದ ಪರದೆಗೆ ಹತ್ತಿರ ಹತ್ತಿರ 8 ಅಡಿ. ಆದರೆ ಆಟ ಬಿಸಿಯೇರಿದ ಹಾಗೆ ಆಡುವವರು ಮುಂದೆ ಮುಂದೆ ಜರುಗುತ್ತಾರೆ. ಕೊನೆ ಓವರ್ ಹೊತ್ತಿಗೆ ನಮ್ಮ ಅಳಿಯ ಮಂಚದ ಕಾಲುಬದಿಯ ಅಂಚಿನಲ್ಲಿ, ಕಾಲು ಕೆಳಗೆ ಬಿಟ್ಟು, 4 ಅಡಿ ದೂರದಲ್ಲಿ ಕೂತಿರುತ್ತಾನೆ. ಹಾಗಾಗಿ ಟಿವಿ 8 ಅಡಿಗೂ ಹೊಂದಬೇಕು, 4 ಅಡಿಗೂ ಹೊಂದಬೇಕು.

ಕಣ್ಣು ಸರಿಯಿರುವವರು ಒಂದು ಡಿಗ್ರಿಯ 60ರಲ್ಲಿ ಒಂದು ಪಾಲಿನಷ್ಟು ಸಣ್ಣ ವಿವರವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲರು. ಕಣ್ಣಿನ ಡಾಕ್ಟರು 6/6 ಅನ್ನುವುದು ಇದನ್ನೇ. ಈ ಅಳತೆಯನ್ನು ಟಿವಿಗೆ ಹಚ್ಚಿ ನೋಡೋಣ. 32 ಇಂಚಿನ ಎಚ್‌ಡಿ ರೆಡಿ ಟಿವಿಯ ಅಗಲ ಸುಮಾರು 71 ಸೆಂಟಿಮೀಟರ್, ಅದರಲ್ಲಿ ಅಡ್ಡಡ್ಡ 1366 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ. ಒಂದೊಂದೂ ಅರ್ಧ ಮಿಲಿಮೀಟರ್‌ಗಿಂತ ಚೂರು ದೊಡ್ಡದು. 6 ಅಡಿಗಿಂತ ಹತ್ತಿರ ಬಂದರೆ ಕಣ್ಣಿಗೆ ಅದರ ಒರಟುತನ ಸಿಗಲು ಶುರು. 43 ಇಂಚಿನ ಫುಲ್ ಎಚ್‌ಡಿಯಲ್ಲಿ (ಅಡ್ಡಡ್ಡ 1920 ಪಿಕ್ಸೆಲ್) ಈ ಗಡಿ ಸುಮಾರು ಐದೂವರೆ ಅಡಿ. 32 ಇಂಚಿನ ಫುಲ್ ಎಚ್‌ಡಿಯಲ್ಲಿ 4 ಅಡಿ ಚಿಲ್ಲರೆ. 43 ಇಂಚಿನ 4ಕೆಯಲ್ಲಿ 3 ಅಡಿಗಿಂತ ಕಡಿಮೆ.

ಬರೀ ಪಿಕ್ಸೆಲ್ ನೋಡಿದರೆ 32 ಇಂಚಿನ ಫುಲ್ ಎಚ್‌ಡಿ ಟಿವಿ ಈ ರೂಮಿಗೆ ಸಾಕಿತ್ತು. ಆದರೆ ದೂರ ಕೂತಾಗ ಇನ್ನೊಂದು ತೊಂದರೆ ಬರುತ್ತದೆ, ಅಕ್ಷರದ್ದು. ಈಗಿನ ಗೇಮ್‌ಗಳಲ್ಲಿ ಓದುವುದು ಬಹಳ. ಮೂಲೆಯಲ್ಲಿ ಮ್ಯಾಪ್, ಕೆಳಗೆ ಸಬ್‌ಟೈಟಲ್, ಮೆನು ತುಂಬ ಇರುವೆ ಸಾಲಿನ ಹಾಗೆ ಅಕ್ಷರ. 32 ಇಂಚಿನ ಪರದೆಯ ಎತ್ತರ 40 ಸೆಂಟಿಮೀಟರ್ ಮಾತ್ರ. 8 ಅಡಿಯಿಂದ ಅದರಲ್ಲಿ ಸಬ್‌ಟೈಟಲ್ ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. 43 ಇಂಚಿನದ್ದು 53 ಸೆಂಟಿಮೀಟರ್ ದಾಟುತ್ತದೆ. ಒಂದೇ ಅಕ್ಷರ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಹತ್ತಕ್ಕೆ ಹತ್ತರ ರೂಮಿಗೆ 43 ಜಾಸ್ತಿ ಆಗಲ್ವಾ ಅಂತ ಅಕ್ಕ ಕೇಳಿದಳು. ಹಳೆಯ ಪೇಪರ್ ಹಾಳೆಗಳನ್ನು ಆ ಅಳತೆಗೆ ಅಂಟಿಸಿ ಗೋಡೆಗೆ ಹಚ್ಚಿ ತೋರಿಸಿದೆ. ಮಂಚದ ಮೇಲೆ ಕೂತು ನೋಡಿ ಅವಳೇ "ಇಷ್ಟೇನಾ? ಇರ್ಲಿ ಬಿಡು" ಅಂದಳು. ಯಾರೇ ಟಿವಿ ಕೊಳ್ಳಲಿ, ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ ನೋಡಿ ಅಂತ ಹೇಳುತ್ತೇನೆ. ಅಂಗಡಿಯ ದೊಡ್ಡ ಗೋಡೆಯ ಮೇಲೆ ಎಲ್ಲ ಟಿವಿಯೂ ಚಿಕ್ಕದಾಗಿಯೇ ಕಾಣುತ್ತದೆ.

ಎಚ್‌ಡಿ ರೆಡಿ ಅನ್ನುವ 32 ಇಂಚಿನ ಟಿವಿಗಳನ್ನು ನಾನು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವವು ಅವೇ, ಆ ಸೈಜಿನಲ್ಲಿ ಹೆಚ್ಚಿನವೂ ಅವೇ. ಅವುಗಳ ಪ್ಯಾನೆಲ್ 1366ಕ್ಕೆ 768. ಪಿಎಸ್4 ಈ ಅಳತೆಯ ಚಿತ್ರವನ್ನು ಕಳಿಸುವುದೇ ಇಲ್ಲ. ಅದು ಕಳಿಸುವುದು 720 ಅಥವಾ 1080 ಸಾಲಿನ ಚಿತ್ರ. ಮೊದಲನೆಯದನ್ನು ಟಿವಿ ಹಿಗ್ಗಿಸಬೇಕು, ಎರಡನೆಯದನ್ನು ಕುಗ್ಗಿಸಬೇಕು. ಎರಡರಲ್ಲೂ ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಕೂರುವುದಿಲ್ಲ. ಅಕ್ಷರದ ಅಂಚು ಕಲಸಿದ ಹಾಗಾಗುತ್ತದೆ. ಸಿನಿಮಾದಲ್ಲಿ ಇದು ಮರೆತುಹೋಗುತ್ತದೆ, ಗೇಮ್ ಮೆನುವಿನಲ್ಲಿ ದಿನಾ ಕಣ್ಣಿಗೆ ಚುಚ್ಚುತ್ತದೆ. 4ಕೆ ಪ್ಯಾನೆಲ್‌ನ ಅಡ್ಡಡ್ಡ 3840 ಅನ್ನುವುದು 1920ರ ಸರಿಯಾಗಿ ಎರಡು ಪಟ್ಟು. ಹಾಗಾಗಿ ಪಿಎಸ್4ನ ಫುಲ್ ಎಚ್‌ಡಿ ಚಿತ್ರದ ಒಂದು ಪಿಕ್ಸೆಲ್ 4ಕೆ ಪರದೆಯ ನಾಲ್ಕರ ಮೇಲೆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. 4ಕೆ ಕನ್ಸೋಲ್ ಇಲ್ಲದವರಿಗೂ 4ಕೆ ಟಿವಿಯಿಂದ ನಷ್ಟವಿಲ್ಲ ಅನ್ನುವುದು ಇದಕ್ಕೇ.

ಬೆಲೆಯ ವಿಷಯಕ್ಕೆ ಬಂದರೆ, ಆ ವರ್ಷ ಕಾಯುವುದಕ್ಕೆ ಒಳ್ಳೆಯ ಕಾರಣವಿತ್ತು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 28 ಇತ್ತು. 32 ಇಂಚು ದಾಟಿದ ಕೂಡಲೇ ಬೆಲೆ ಎಗರುವುದಕ್ಕೆ ಇದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳಿಗೂ ಶೇ. 18 ಆಯಿತು. ಅವತ್ತು ನವರಾತ್ರಿಯ ಮೊದಲ ದಿನ. ತೆರಿಗೆ ಇಳಿದದ್ದೂ ಹಬ್ಬದ ಆಫರೂ ಒಟ್ಟಿಗೆ ಬಂದವು. ಭಾವನ 25 ಸಾವಿರದೊಳಗೆ 43 ಇಂಚು ಆರಾಮಾಗಿ ಸಿಗುವ ಹಾಗಾಯಿತು.

ದೇವರಾಜ ಅರಸು ರಸ್ತೆಯ ಕಡೆ ಹೋದೆವು. ಊರು ತುಂಬ ದೀಪಾಲಂಕಾರ, ಅಂಗಡಿ ತುಂಬ ಜನ. ಮಾರುವ ಹುಡುಗ ತಾಳ್ಮೆಯವನು, ಕೇಳಿದ್ದನ್ನೆಲ್ಲ ತೋರಿಸಿದ. "ಸರ್, ಇದು 120 ಮೋಷನ್ ರೇಟ್" ಅಂದ ಒಂದರ ಮುಂದೆ. ಮೋಷನ್ ರೇಟ್ ಅನ್ನುವುದು ಕಂಪನಿಗಳು ತಾವೇ ಇಟ್ಟುಕೊಂಡ ಅಂಕಿ. ಪ್ಯಾನೆಲ್ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅಂತ ಬೇರೆಯಾಗಿ ಕೇಳಬೇಕು. ಈ ಬೆಲೆಯಲ್ಲಿ ಅದು ಸಾಮಾನ್ಯವಾಗಿ 60, ಪಿಎಸ್4ಗೆ 60 ಸಾಕು. ಇನ್ನೊಂದರ ಮೇಲೆ ಎಚ್‌ಡಿಎಂಐ 2.1 ಅನ್ನುವ ಸ್ಟಿಕ್ಕರ್ ಇತ್ತು, 4ಕೆ ಚಿತ್ರವನ್ನು 120 ಹರ್ಟ್ಸ್‌ನಲ್ಲೂ ಸಾಗಿಸಬಲ್ಲ ಬಗೆ. 2.1ರ ಸೌಲಭ್ಯಗಳೆಲ್ಲ ಇರಲೇಬೇಕು ಅನ್ನುವ ನಿಯಮ ಇಲ್ಲ. ಬರೀ ಎಎಲ್‌ಎಲ್‌ಎಂ ಇದ್ದರೂ ಆ ಸ್ಟಿಕ್ಕರ್ ಹಚ್ಚಬಹುದು. ಸ್ಟಿಕ್ಕರ್ ನೋಡಿ 120 ಹರ್ಟ್ಸ್ ಅಂದುಕೊಳ್ಳುವುದು ಬೇಡ ಅಂತ ಅಳಿಯನಿಗೆ ಹೇಳಿದೆ. ಸ್ಮಾರ್ಟ್ ಟಿವಿಯ ಆ್ಯಪ್‌ಗಳು, ವಾಯ್ಸ್ ರಿಮೋಟ್, ಇವುಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಎಲ್ಲ ಕನ್ಸೋಲ್‌ನಲ್ಲೇ ಓಡುತ್ತವೆ.

ನಾನು ಹೆಚ್ಚು ಹೊತ್ತು ನೋಡಿದ್ದು ಕಪ್ಪನ್ನು. ರಾತ್ರಿ ಲೈಟ್ ಆರಿಸಿ ಆಡುವವರಿಗೆ ಟಿವಿಯ ಬೆಳಕಿಗಿಂತ ಅದರ ಕಪ್ಪು ಮುಖ್ಯ. ಈ ಬೆಲೆಯ ಎಲ್‌ಇಡಿ ಟಿವಿಗಳಲ್ಲಿ ಎರಡು ಬಗೆಯ ಪ್ಯಾನೆಲ್ ಬರುತ್ತವೆ, ಐಪಿಎಸ್ ಮತ್ತು ವಿಎ. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಆದರೆ ಕತ್ತಲಲ್ಲಿ ಅದರ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದರ ಬಿಳಿಗೂ ಕಪ್ಪಿಗೂ ಅಂತರ ಸುಮಾರು ಸಾವಿರ ಪಟ್ಟು. ವಿಎಯಲ್ಲಿ ಇದು ಮೂರು ಸಾವಿರ ದಾಟುತ್ತದೆ, ಪಕ್ಕದಿಂದ ನೋಡಿದರೆ ಬಣ್ಣ ಸ್ವಲ್ಪ ತೆಳುವಾಗುತ್ತದೆ. ಹಾಲ್‌ಗೆ ನಾನು ಐಪಿಎಸ್ ಹೇಳಬಹುದು. ಒಬ್ಬನೇ ನೇರ ಕೂತು ಆಡುವ ರೂಮಿಗೆ ವಿಎ. ಒಂದೇ ಮಾಡೆಲ್‌ನಲ್ಲಿ ಎರಡೂ ಬಗೆ ಬರುವುದುಂಟು, ಹಾಗಾಗಿ ಕೊಳ್ಳುವ ಟಿವಿಯ ಮುಂದೆಯೇ ಪಕ್ಕಕ್ಕೆ ಸರಿದು ನಿಂತು ನೋಡಬೇಕು. ಬಣ್ಣ ಮಾಸಿದ ಹಾಗೆ ಕಂಡರೆ ವಿಎ ಇರಬೇಕು ಅಂತ ಊಹಿಸಬಹುದು.

ಕೊನೆಗೆ ತಂದದ್ದು 43 ಇಂಚಿನ 4ಕೆ, 60 ಹರ್ಟ್ಸ್, ಹಿಂದಿನ ವರ್ಷದ ಮಾಡೆಲ್. ನಾವು ನೋಡಿದ ಫುಲ್ ಎಚ್‌ಡಿ ಟಿವಿಗಳಲ್ಲಿ ಗೇಮ್ ಮೋಡ್ ಇರಲಿಲ್ಲ, ಇದರಲ್ಲಿತ್ತು. ಅದಕ್ಕೇ 4ಕೆಗೆ ಒಪ್ಪಿದೆ. ಅಳಿಯನ ಆಸೆಯೂ ಅದರ ಜೊತೆಗೇ ಈಡೇರಿತು. ಸರ್ವಿಸ್ ಮೈಸೂರಿನಲ್ಲೇ ಇದೆಯಾ ಅಂತ ಬಿಲ್ ಮಾಡಿಸುವ ಮೊದಲು ಕೇಳಿಕೊಂಡೆವು. ಸಣ್ಣ ಊರುಗಳಲ್ಲಿ ಇರುವವರು ಇದನ್ನು ಇನ್ನೂ ಒತ್ತಿ ಕೇಳಬೇಕು. ಪ್ಯಾನೆಲ್ ಹೋದರೆ ರಿಪೇರಿ ದುಡ್ಡು ಹೊಸ ಟಿವಿಯ ಹತ್ತಿರ ಬಂದು ನಿಲ್ಲುತ್ತದೆ.

ಗೋಡೆಗೆ ಹಾಕಲು ಬಂದ ಹುಡುಗ ಡ್ರಿಲ್ ಹಿಡಿದು ಆರಡಿ ಎತ್ತರಕ್ಕೆ ಗುರುತು ಹಾಕಿಬಿಟ್ಟಿದ್ದ. ಹಾಲ್‌ನಲ್ಲಿ ಎಲ್ಲರೂ ಹಾಗೇ ಹಾಕಿಸುತ್ತಾರಂತೆ. ಮಂಚದ ಮೇಲೆ ಅಳಿಯನನ್ನು ಕೂರಿಸಿ, ಅವನ ಕಣ್ಣಿನ ಮಟ್ಟ ಅಳೆದು, ಪರದೆಯ ನಡುಭಾಗ ಅಲ್ಲಿಗೆ ಬರುವ ಹಾಗೆ ಹಾಕಿಸಿದೆವು. ನಾಲ್ಕಡಿಯ ಆಸುಪಾಸು ಬಂತು. ಎತ್ತರಕ್ಕೆ ಹಾಕಿದ ಟಿವಿಯಲ್ಲಿ ಎರಡು ಗಂಟೆ ಆಡಿದರೆ ಕುತ್ತಿಗೆ ಹಿಡಿಯುತ್ತದೆ. ವಿಎ ಪ್ಯಾನೆಲ್ ಆದರೆ ಕೆಳಗಿನಿಂದ ನೋಡಿದಾಗ ಬಣ್ಣವೂ ಕೆಡುತ್ತದೆ. ಎಚ್‌ಡಿಎಂಐ ಪೋರ್ಟ್ ಟಿವಿಯ ಪಕ್ಕಕ್ಕೆ ತೆರೆದಿದೆಯಾ ಅಂತಲೂ ನೋಡಿಕೊಳ್ಳಬೇಕು. ಹಿಂಬದಿಗೆ ನೇರ ತೆರೆದಿದ್ದರೆ ಕೇಬಲ್ ಗೋಡೆಗೆ ಒತ್ತಿ ಮುರಿಯುತ್ತದೆ.

ಆಮೇಲೆ ಸೆಟ್ಟಿಂಗ್. ಇದಕ್ಕೆ ಅರ್ಧ ಗಂಟೆ ಕೊಟ್ಟರೆ ಅಗ್ಗದ ಟಿವಿಯೂ ಅದರ ಬೆಲೆಗಿಂತ ಮೇಲಿನ ಚಿತ್ರ ಕೊಡುತ್ತದೆ. ಮೊದಲು ಗೇಮ್ ಮೋಡ್. ಗೇಮ್ ಮೋಡ್ ಇಲ್ಲದ ಹಳೆಯ ಟಿವಿಯವರು ಇನ್‌ಪುಟ್‌ನ ಹೆಸರನ್ನು ಪಿಸಿ ಅಂತ ಬದಲಾಯಿಸಿ ನೋಡಿ, ಕೆಲವು ಟಿವಿಗಳಲ್ಲಿ ಅಷ್ಟಕ್ಕೇ ಸಿಂಗಾರದ ಕೆಲಸ ನಿಲ್ಲುತ್ತದೆ. ಚಿತ್ರದ ನಾಲ್ಕು ಅಂಚು ಕತ್ತರಿಸಿ ಹೋಗಿದ್ದರೆ, ಮೂಲೆಯ ಸ್ಕೋರ್ ಅರ್ಧ ಮಾತ್ರ ಕಂಡರೆ, ಅದು ಓವರ್‌ಸ್ಕ್ಯಾನ್. ಜಸ್ಟ್ ಸ್ಕ್ಯಾನ್, ಫುಲ್ ಪಿಕ್ಸೆಲ್, ಸ್ಕ್ರೀನ್ ಫಿಟ್ ಅಂತ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಅದನ್ನು ಆನ್ ಮಾಡಿದರೆ ಸರಿಹೋಗುತ್ತದೆ. ಇದನ್ನು ಟಿವಿಯಲ್ಲೇ ಸರಿಮಾಡಬೇಕು. ಕನ್ಸೋಲ್‌ನಲ್ಲಿ ಚಿತ್ರ ಕುಗ್ಗಿಸಿದರೆ ಮತ್ತೆ ಅಕ್ಷರ ಕಲಸುತ್ತದೆ.

ಪಿಎಸ್4ನಲ್ಲಿ ಆರ್‌ಜಿಬಿ ರೇಂಜ್ ಅಂತ ಒಂದಿದೆ. ಟಿವಿ ಸಿಗ್ನಲ್ ಸಾಮಾನ್ಯವಾಗಿ 16ರಿಂದ 235ರವರೆಗಿನ ಬೆಳಕಿನ ಮಟ್ಟಗಳನ್ನು ಬಳಸುತ್ತದೆ, ಕಂಪ್ಯೂಟರಿನದು 0ರಿಂದ 255. ಕನ್ಸೋಲ್ ಒಂದು ಕಳಿಸಿ ಟಿವಿ ಇನ್ನೊಂದು ಅಂದುಕೊಂಡರೆ, ಕತ್ತಲ ದೃಶ್ಯ ಒಂದೋ ಮಸಿ ಮೆತ್ತಿದ ಹಾಗಾಗುತ್ತದೆ, ಇಲ್ಲವೇ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಎರಡೂ ಕಡೆ ಆಟೋಮ್ಯಾಟಿಕ್ ಇಡಿ. ಹಾಗಿಟ್ಟೂ ತೊಂದರೆ ಕಂಡರೆ ಎರಡೂ ಕಡೆ ಲಿಮಿಟೆಡ್ ಇಡಿ. ಎಚ್‌ಡಿಆರ್, ಅಂದರೆ ಬೆಳಕಿಗೂ ಕತ್ತಲಿಗೂ ಇರುವ ಅಂತರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯದ ಬಗ್ಗೆ ಜನ ಬಹಳ ಕೇಳುತ್ತಾರೆ. ಅದರ ಸೊಗಸು ಕಾಣಬೇಕಾದರೆ ಪರದೆಗೆ ಬೆಳಕಿನ ಶಕ್ತಿ ಬೇಕು. ಈ ಬೆಲೆಯ ಟಿವಿಗಳು 300 ನಿಟ್ಸ್ (ಬೆಳಕಿನ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತವೆ, ಅಷ್ಟರಲ್ಲಿ ಎಚ್‌ಡಿಆರ್ ಹಾಕಿದರೆ ಚಿತ್ರ ಎಷ್ಟೋ ಸಲ ಮಂಕಾಗುತ್ತದೆ. ಆನ್, ಆಫ್ ಎರಡನ್ನೂ ನೋಡಿ, ಕಣ್ಣಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ. ಬ್ಯಾಕ್‌ಲೈಟ್ ಮಾತ್ರ ರಾತ್ರಿ ಅರ್ಧಕ್ಕಿಂತ ಕೆಳಗೆ ಇಳಿಸಿ, ಬಣ್ಣವನ್ನು ವಾರ್ಮ್ ಕಡೆ ತನ್ನಿ.

ಸೌಂಡಿಗೆ ಬೇರೆ ಖರ್ಚು ಮಾಡಬೇಡಿ. ಪಿಎಸ್4ನ ಕಂಟ್ರೋಲರ್‌ನಲ್ಲೇ 3.5 ಮಿಲಿಮೀಟರ್ ಜ್ಯಾಕ್ ಇದೆ, ಪಿಎಸ್5ನದರಲ್ಲೂ ಈಗಿನ ಎಕ್ಸ್‌ಬಾಕ್ಸ್‌ನದರಲ್ಲೂ ಇದೆ. ವೈರ್ ಇರುವ ಇಯರ್‌ಫೋನ್ ಚುಚ್ಚಿ, ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಎಲ್ಲ ಧ್ವನಿ ಅದಕ್ಕೇ ಬರಲಿ ಅಂದರೆ ಟಿವಿ ಪೂರ್ತಿ ಮೌನ. ಟಿವಿಯ ಬ್ಲೂಟೂತ್‌ಗೆ ಹೆಡ್‌ಫೋನ್ ಹಾಕಬೇಡಿ. ಚಿತ್ರದಲ್ಲಿ ಉಳಿಸಿದ ಮಿಲಿಸೆಕೆಂಡ್‌ಗಳು ಧ್ವನಿಯಲ್ಲಿ ವಾಪಸ್ ಹೋಗುತ್ತವೆ, ಚೆಂಡು ಬ್ಯಾಟಿಗೆ ತಾಗಿದ ಎಷ್ಟೋ ಹೊತ್ತಿಗೆ ಟಕ್ ಅನ್ನುತ್ತದೆ.

ರೂಮಿಗೆ ಟಿವಿ ಬಂದರೆ ಹುಡುಗ ಮಲಗುವುದೇ ಇಲ್ಲ ಅನ್ನುವುದು ಭಾವನ ಚಿಂತೆ. ಅದು ನ್ಯಾಯವಾದ ಚಿಂತೆಯೇ. ಹನ್ನೊಂದಕ್ಕೆ ನಿಲ್ಲಿಸುತ್ತೇನೆ ಅಂತ ಅಳಿಯ ಮಾತು ಕೊಟ್ಟಿದ್ದಾನೆ, ಟಿವಿಯಲ್ಲಿ ಸ್ಲೀಪ್ ಟೈಮರ್ ಅನ್ನೂ ಇಟ್ಟಿದ್ದಾನೆ. ಆಯುಧ ಪೂಜೆಯ ದಿನ ಭಾವನೇ ಸ್ಕೂಟರ್‌ಗೆ ಕುಂಕುಮ ಇಟ್ಟು, ಒಳಗೆ ಬಂದು ಕಂಟ್ರೋಲರ್‌ಗೂ ಒಂದು ಬೊಟ್ಟು ಇಟ್ಟರು. ಹುಡುಗನಿಗೆ ಆದ ಖುಷಿ ಹೇಳತೀರದು.

ಈಗ ಅವನ ಪ್ರಶ್ನೆ, ಕೆಲಸ ಸಿಕ್ಕಿ ಪಿಎಸ್5 ತಂದರೆ ಇದೇ ಟಿವಿ ನಡೆಯುತ್ತಾ ಅಂತ. ನಡೆಯುತ್ತದೆ. ಎಚ್‌ಡಿಎಂಐ 2.0 ಪೋರ್ಟ್‌ನಲ್ಲಿ 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಬರುತ್ತದೆ, ಪಿಎಸ್5ನ ಹೆಚ್ಚಿನ ಗೇಮ್‌ಗಳಿಗೆ ಅಷ್ಟು ಸಾಕು. 120 ಫ್ರೇಮ್ ಬೇಕೇ ಬೇಕು ಅನ್ನುವವರಿಗೆ ಮಾತ್ರ 120 ಹರ್ಟ್ಸ್ ಪ್ಯಾನೆಲ್ ಬೇಕು, ಅದು ಈ ಬಜೆಟ್ಟಿನ ಟಿವಿಗಳಲ್ಲಿ ಸಿಗುವುದು ಕಷ್ಟ. ಅಂಥವರು ಟೇಬಲ್ ಮುಂದೆ ಕೂತು ಆಡುವುದಾದರೆ 24 ಅಥವಾ 27 ಇಂಚಿನ 1080ಪಿ ಗೇಮಿಂಗ್ ಮಾನಿಟರ್ ನೋಡಬಹುದು. ಸ್ಪೀಕರ್ ಇದೆಯಾ, ಎಚ್‌ಡಿಎಂಐನಲ್ಲೇ 120 ಬರುತ್ತದಾ ಅಂತ ಕೇಳಿ ತನ್ನಿ. ಕೆಲವದರಲ್ಲಿ ಆ ವೇಗ ಡಿಸ್‌ಪ್ಲೇ ಪೋರ್ಟ್‌ಗೆ ಮಾತ್ರ ಇರುತ್ತದೆ, ಕನ್ಸೋಲ್‌ಗಳಲ್ಲಿ ಆ ಪೋರ್ಟ್ ಇರುವುದಿಲ್ಲ.